ಅಂಗವಿಕಲ ಪಿಂಚಣಿ ಎಲ್ಲಿ ನಿಲ್ಲುತ್ತೆ? ಆಸ್ಪತ್ರೆಯಿಂದ ಬ್ಯಾಂಕ್ ಖಾತೆವರೆಗಿನ ಹಿನ್ನೆಲೆ

ಬೆಂಗಳೂರಲ್ಲಿ ಅಂಗವಿಕಲ ಪಿಂಚಣಿಗೆ ಅರ್ಜಿ ಹಾಕಿ, ತಿಂಗಳುಗಟ್ಟಲೆ ದುಡ್ಡು ಬರದೆ, ಸರಿ ವಿಚಾರಿಸೋಣ ಅಂತ ಹೊರಟವರಿಗೆ ಯಾವ ಆಫೀಸಿಗೆ ಹೋಗ್ಬೇಕು ಅನ್ನೋದೇ ಗೊತ್ತಾಗಲ್ಲ. ಅಂಗವೈಕಲ್ಯ ಎಷ್ಟು ಪರ್ಸೆಂಟ್ ಅಂತ ಬರ್ಕೊಡೋದು ಸರ್ಕಾರಿ ಆಸ್ಪತ್ರೆ ಡಾಕ್ಟ್ರು. ವಿಕಲಚೇತನರಿಗೆ ಅಂತಲೇ ಒಂದು ಇಲಾಖೆ ಇದೆ, ಅಂಬೇಡ್ಕರ್ ವೀಧಿಯ ವಿಶ್ವೇಶ್ವರಯ್ಯ ಟವರಲ್ಲಿ ಅದರ ನಿರ್ದೇಶನಾಲಯನೂ ಇದೆ, ಆದ್ರೆ ಪಿಂಚಣಿ ಅವರ ಕೈಲಿಲ್ಲ, ಅದು ಕಂದಾಯ ಇಲಾಖೆದು. ಮಂಜೂರು ಮಾಡೋದು ತಹಶೀಲ್ದಾರ್ ಕಚೇರಿ, ದುಡ್ಡು ಹೊರಡೋದು ಖಜಾನೆಯಿಂದ, ಅದು ಯಾವ ಬ್ಯಾಂಕಿಗೆ ಹೋಗಿ ಬೀಳುತ್ತೆ ಅನ್ನೋದು ಆಧಾರ್ ಎಲ್ಲಿ ಲಿಂಕ್ ಆಗಿದೆ ಅನ್ನೋದ್ರ ಮೇಲೆ, ಬಡವರು ಅನ್ನೋಕೆ ಸಾಕ್ಷಿಯಾಗೋ ರೇಷನ್ ಕಾರ್ಡು ಆಹಾರ ಇಲಾಖೆದು. ಒಬ್ಬೊಬ್ಬರೂ 'ನಮ್ಮ ಕಡೆಯಿಂದ ಆಗಿದೆ' ಅಂತಾರೆ, ಮತ್ತೆ ಎಷ್ಟೋ ಸಲ ಅದು ನಿಜನೇ ಆಗಿರುತ್ತೆ. ಎಲ್ಲರ ಕಡೆಯಿಂದಲೂ ಆಗಿ, ದುಡ್ಡು ಮಾತ್ರ ಬಂದಿರಲ್ಲ.

ಇದು ಒಂದು ದಿನದಲ್ಲಿ ಹೀಗಾಗಿದ್ದಲ್ಲ. ಹಿಂದಿನದ್ದು ಸ್ವಲ್ಪ ಗೊತ್ತಿದ್ರೆ ಈಗಿನದ್ದು ಅರ್ಥ ಆಗುತ್ತೆ.

ರಾಜ್ಯದ ಅಂಗವಿಕಲ ಪಿಂಚಣಿ ಶುರುವಾಗಿದ್ದು 1970ರ ದಶಕದ ಕೊನೆಯಲ್ಲಿ, ಆಗ ಪೋಸ್ಟ್‌ಮ್ಯಾನ್ ಮನಿಯಾರ್ಡರ್ ತಂದು ಕೊಡೋರು. 1995ರಲ್ಲಿ ಮೊದಲ ಅಂಗವಿಕಲರ ಕಾಯ್ದೆ ಬಂತು, ಅದರಲ್ಲಿ ಏಳೇ ಏಳು ತರಹದ ಅಂಗವೈಕಲ್ಯಕ್ಕೆ ಮಾನ್ಯತೆ. ಸೌಲಭ್ಯಕ್ಕೆ ಕನಿಷ್ಠ ಶೇ 40 ಅಂಗವೈಕಲ್ಯ ಇರ್ಬೇಕು ಅನ್ನೋ ಗೆರೆ ಗಟ್ಟಿಯಾಗಿದ್ದು ಅಲ್ಲಿಂದ. 2009ರಲ್ಲಿ ಕೇಂದ್ರ ಸರ್ಕಾರ ಇಂದಿರಾ ಗಾಂಧಿ ಹೆಸರಿನ ಅಂಗವಿಕಲ ಪಿಂಚಣಿ ತಂತು, ಆದ್ರೆ ಅದಕ್ಕೆ ಶೇ 80 ಇರ್ಬೇಕು ಮತ್ತೆ ಬಿಪಿಎಲ್ ಆಗಿರ್ಬೇಕು. ಕೇಂದ್ರದ ಪಾಲು ಮೊದಲು 200 ರೂಪಾಯಿ ಇತ್ತು, 2012ರಲ್ಲಿ 300 ಆಯ್ತು, ಆಮೇಲೆ ಅಲ್ಲೇ ನಿಂತುಬಿಟ್ಟಿದೆ. ರಾಜ್ಯದ್ದು ಬೇರೆ ಲೆಕ್ಕ, ಶೇ 40ರಿಂದ 75ರವರೆಗೆ ಒಂದು ಮೊತ್ತ, ಅದಕ್ಕಿಂತ ಮೇಲಿದ್ರೆ ಇನ್ನೊಂದು. ಹಾಗಾಗಿ 40, 75, 80 ಅಂತ ಮೂರು ಗೆರೆ, ಒಂದೇ ಮನುಷ್ಯನ ಮೇಲೆ.

ಈಗಿನ ಗೊಂದಲದ ಮುಖ್ಯ ಭಾಗ ಇರೋದು 2016ರ ನಂತರದ ವರ್ಷಗಳಲ್ಲಿ. ಆ ವರ್ಷದ ಹೊಸ ಕಾಯ್ದೆ, ವಿಕಲಚೇತನರ ಹಕ್ಕುಗಳ ಕಾಯ್ದೆ, 2017ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಏಳಿದ್ದ ಪಟ್ಟಿ ಇಪ್ಪತ್ತೊಂದಾಯ್ತು. ಆಟಿಸಂ, ಪಾರ್ಕಿನ್ಸನ್ಸ್, ಥಲಸ್ಸೀಮಿಯಾ, ಹಿಮೋಫಿಲಿಯಾ, ಕುಡುಗೋಲು ಕಣ ರಕ್ತಹೀನತೆ, ಆಸಿಡ್ ದಾಳಿಗೆ ಸಿಕ್ಕವರು, ಕಲಿಕಾ ನ್ಯೂನತೆ ಇರೋ ಮಕ್ಕಳು, ಇವರೆಲ್ಲ ಈ ಪಟ್ಟಿಗೆ ಹೊಸದಾಗಿ ಸೇರಿದರು. ಇದು ತುಂಬಾ ದೊಡ್ಡ ಹೆಜ್ಜೆ, ಇದಕ್ಕೋಸ್ಕರ ಹೋರಾಡಿದವರ ಶ್ರಮನ ಮರೆಯೋ ಹಾಗಿಲ್ಲ. ಆದ್ರೆ ಪಟ್ಟಿ ಮೂರು ಪಟ್ಟು ಉದ್ದ ಆದಷ್ಟು ಅಳೆಯೋ ಡಾಕ್ಟರುಗಳು, ಯಂತ್ರಗಳು ಹೆಚ್ಚಾಗಲಿಲ್ಲ. ಕೈಕಾಲಿನ ತೊಂದರೆ ಆದ್ರೆ ಮೂಳೆ ಡಾಕ್ಟ್ರು ನೋಡಿ ಬರೀತಾರೆ. ಕಿವಿ ಕೇಳಿಸದ ಸಣ್ಣ ಮಗುಗೆ ಶಬ್ದಕ್ಕೆ ಮೆದುಳು ಸ್ಪಂದಿಸುತ್ತಾ ಅಂತ ನೋಡೋ ಬೆರಾ ಟೆಸ್ಟ್ ಬೇಕು, ಆ ಯಂತ್ರ ಮತ್ತು ಅದನ್ನ ಮಾಡೋ ಆಡಿಯಾಲಜಿಸ್ಟ್ ಎಲ್ಲಾ ಸರ್ಕಾರಿ ಆಸ್ಪತ್ರೆಲೂ ಇರಲ್ಲ. ಮಾನಸಿಕ ಕಾಯಿಲೆಗೆ ಐಡಿಯಾಸ್ ಅನ್ನೋ ಅಳತೆಪಟ್ಟಿ ಇದೆ, ತನ್ನ ಕೆಲಸ ತಾನು ಮಾಡ್ಕೊಳ್ಳೋದು, ಜನರ ಜೊತೆ ಬೆರೆಯೋದು, ಮಾತು ಅರ್ಥ ಮಾಡ್ಕೊಳ್ಳೋದು, ದುಡಿಯೋದು ಇವಕ್ಕೆಲ್ಲ ಅಂಕ ಹಾಕಿ, ಕಾಯಿಲೆ ಎಷ್ಟು ವರ್ಷದ್ದು ಅನ್ನೋದನ್ನೂ ಸೇರಿಸಿ ಪರ್ಸೆಂಟ್ ತೆಗೀತಾರೆ. ಔಷಧಿ ತಗೊಂಡು ಸ್ವಲ್ಪ ಚೆನ್ನಾಗಿರೋ ತಿಂಗಳಲ್ಲಿ ಹೋದವರಿಗೆ ಕಮ್ಮಿ ಅಂಕ ಬರಬಹುದು, ಅದೇ ಮನುಷ್ಯ ಎರಡು ತಿಂಗಳು ಬಿಟ್ಟು ಮನೆಯಿಂದ ಹೊರಗೇ ಬರದ ಸ್ಥಿತಿಲಿ ಇರಬಹುದು. ಶೇ 38 ಅಂತ ಬರೆದ ಕಾಗದಕ್ಕೂ ಶೇ 41 ಅಂತ ಬರೆದ ಕಾಗದಕ್ಕೂ ಪಿಂಚಣಿ ವಿಷಯದಲ್ಲಿ ಭೂಮಿ ಆಕಾಶದ ವ್ಯತ್ಯಾಸ.

ಅದೇ ಹೊತ್ತಲ್ಲಿ ಯುಡಿಐಡಿ ಕಾರ್ಡ್ ಬಂತು. ದೇಶಕ್ಕೆಲ್ಲ ಒಂದೇ ಗುರುತಿನ ಚೀಟಿ, ಪದೇ ಪದೇ ಸರ್ಟಿಫಿಕೇಟ್ ಹಿಡ್ಕೊಂಡು ಓಡಾಡೋದು ತಪ್ಪುತ್ತೆ ಅನ್ನೋದು ಉದ್ದೇಶ, ಒಳ್ಳೆ ಉದ್ದೇಶನೇ. ಆದ್ರೆ ಅದಕ್ಕೆ ಮುಂಚೆ ಜನರ ಹತ್ರ ಇದ್ದಿದ್ದು ಕೈಬರಹದ ಸರ್ಟಿಫಿಕೇಟು, ಫೋಟೋ ಅಂಟಿಸಿರೋ ಗುರುತಿನ ಪುಸ್ತಕ. ಎಷ್ಟೋ ಜನಕ್ಕೆ ಇಪ್ಪತ್ತು ವರ್ಷದ ಹಿಂದೆ ಊರಿನ ಕ್ಯಾಂಪಲ್ಲಿ ಕೊಟ್ಟಿದ್ದು. ಅದನ್ನ ಆನ್‌ಲೈನ್‌ಗೆ ಹಾಕ್ಬೇಕು ಅಂದ್ರೆ ಮತ್ತೆ ಅರ್ಜಿ, ಬಹಳಷ್ಟು ಜನಕ್ಕೆ ಮತ್ತೆ ತಪಾಸಣೆ. ಪೋಲಿಯೋ ಬಂದ ಕಾಲು ಇಪ್ಪತ್ತು ವರ್ಷದಲ್ಲಿ ಸರಿ ಹೋಗಿರಲ್ಲ, ಆದ್ರೂ ಅದನ್ನ ಇನ್ನೊಂದು ಸಲ ತೋರಿಸ್ಬೇಕು. 2021ರ ಜೂನ್ 1ರಿಂದ ಸರ್ಟಿಫಿಕೇಟನ್ನ ಯುಡಿಐಡಿ ಪೋರ್ಟಲ್ ಮೂಲಕವೇ ಕೊಡ್ಬೇಕು ಅಂತ ಕಡ್ಡಾಯ ಆಯ್ತು. ಆ ದಿನಾಂಕನ ಒಂದ್ ಸಲ ನೆನಪಿಸ್ಕೊಳ್ಳಿ. ಕೊರೊನಾ ಎರಡನೇ ಅಲೆ, ಬೆಂಗಳೂರಲ್ಲಿ ಲಾಕ್‌ಡೌನ್, ಸರ್ಕಾರಿ ಆಸ್ಪತ್ರೆಗಳೆಲ್ಲ ಕೋವಿಡ್ ನೋಡ್ಕೊಳ್ತಿದ್ದ ಹೊತ್ತು. ಹೊಸ ಪದ್ಧತಿ ಕಾಲೂರೋಕೆ ಅದಕ್ಕಿಂತ ಕಷ್ಟದ ಸಮಯ ಇರಲಿಲ್ಲ.

ನಗರದಲ್ಲಿ ಆಸ್ಪತ್ರೆಗಳಿಗೆ ಕೊರತೆ ಇಲ್ಲ ನಿಜ. ಮೂಳೆಗೆ ಜಯನಗರದ ಸಂಜಯ್ ಗಾಂಧಿ, ಕಣ್ಣಿಗೆ ಮಿಂಟೋ, ಮನಸ್ಸಿಗೆ ನಿಮ್ಹಾನ್ಸ್, ಜೊತೆಗೆ ಕೆ.ಸಿ. ಜನರಲ್, ಜಯನಗರ ಜನರಲ್ ಅಂತ ದೊಡ್ಡ ದೊಡ್ಡ ಆಸ್ಪತ್ರೆಗಳಿವೆ. ತೊಂದರೆ ಆಗೋದು ಎರಡು ಮೂರು ತರಹದ ಅಂಗವೈಕಲ್ಯ ಒಟ್ಟಿಗೆ ಇರೋರಿಗೆ. ಸೆರೆಬ್ರಲ್ ಪಾಲ್ಸಿ ಇರೋ ಮಗುಗೆ ಕೈಕಾಲು ಒಬ್ಬರು ನೋಡ್ಬೇಕು, ಬುದ್ಧಿಮಟ್ಟ ಇನ್ನೊಬ್ಬರು, ಕಣ್ಣು ಕಿವಿ ಬೇರೆಯವರು, ಎಲ್ಲಾ ಸೇರಿಸಿ ಒಂದು ಪರ್ಸೆಂಟ್ ಬರ್ಬೇಕು. ಇಲ್ಲಿ ಆ ಮಗುನ ಎತ್ಕೊಂಡು ಹೋಗೋದು ಸಾಮಾನ್ಯವಾಗಿ ತಾಯಿ, ಆ ದಿನದ ಕೂಲಿ ಬಿಟ್ಟು, ಬಸ್ಸಲ್ಲಿ ವೀಲ್‌ಚೇರ್ ಹತ್ತಿಸೋಕೆ ಆಗದೆ ಆಟೋ ಮಾಡ್ಕೊಂಡು. ಆಟೋ ಬಾಡಿಗೆ ಹೋಗಿ ಬರೋಕೆ ಸೇರಿ ಒಂದು ತಿಂಗಳ ಪಿಂಚಣಿಯ ದೊಡ್ಡ ಪಾಲು ತಿಂದುಹಾಕುತ್ತೆ.

ಬೇರೆ ಜಿಲ್ಲೆಯಿಂದ ದುಡಿಯೋಕೆ ಬಂದವರಿಗೆ ಇನ್ನೊಂದು ಪೇಚಾಟ. ಆಧಾರಲ್ಲಿ ರಾಯಚೂರೋ ಕಲಬುರಗಿಯೋ ಇರುತ್ತೆ, ಇರೋದು ಪೀಣ್ಯದಲ್ಲಿ. 'ನಿಮ್ಮ ಜಿಲ್ಲೆಗೆ ಹೋಗಿ' ಅಂತ ಕೇಳಿ ವಾಪಸ್ ಬಂದವರು ಇದ್ದಾರೆ. 2017ರ ನಿಯಮ ಓದಿದ್ರೆ, ವಾಸದ ಜಿಲ್ಲೆಯಲ್ಲಿ ಅಥವಾ ತಾವು ಚಿಕಿತ್ಸೆ ತಗೊಳ್ತಿರೋ, ಇಲ್ಲಾ ತಗೊಂಡಿದ್ದ ಸರ್ಕಾರಿ ಆಸ್ಪತ್ರೆಯಲ್ಲಿ ಸರ್ಟಿಫಿಕೇಟಿಗೆ ಅರ್ಜಿ ಹಾಕಬಹುದು ಅಂತಿದೆ. ಆಸ್ಪತ್ರೆಯ ಹಳೇ ಚೀಟಿ, ಡಿಸ್ಚಾರ್ಜ್ ಸಮ್ಮರಿ ಬಿಸಾಕಬೇಡಿ ಅಂತ ಈ ಕೆಲಸದಲ್ಲಿ ಓಡಾಡಿರೋರು ಹೇಳೋದು ಇದಕ್ಕೇ. ಇಷ್ಟಾಗಿನೂ ಪಿಂಚಣಿ ಬೇಕಂದ್ರೆ ವಾಸದ ದಾಖಲೆ, ರೇಷನ್ ಕಾರ್ಡು ಬೇಕೇ ಬೇಕು, ಬಾಡಿಗೆ ಮನೆಲಿ ಕರಾರು ಪತ್ರ ಕೊಡದ ಓನರ್ ಇದ್ರೆ ಮತ್ತೆ ಅಲ್ಲಿಗೇ ನಿಲ್ಲುತ್ತೆ.

ಸರ್ಟಿಫಿಕೇಟ್ ಕೈಗೆ ಬಂತು ಅಂತಿಟ್ಕೊಳ್ಳಿ. ಮುಂದೆ ನಾಡಕಚೇರಿ. ಅರ್ಜಿ ಅಲ್ಲಿಂದ ವಿಎ (ಗ್ರಾಮ ಆಡಳಿತಾಧಿಕಾರಿ), ಆರ್‌ಐ (ಕಂದಾಯ ನಿರೀಕ್ಷಕರು), ತಹಶೀಲ್ದಾರ್ ಅಂತ ಮೇಲೆ ಹೋಗುತ್ತೆ. ಆದಾಯದ ಮಿತಿ ವರ್ಷಕ್ಕೆ 32,000 ರೂಪಾಯಿ. ತಿಂಗಳಿಗೆ ಲೆಕ್ಕ ಹಾಕಿದ್ರೆ 2,700ಕ್ಕಿಂತ ಕಮ್ಮಿ. ಬೆಂಗಳೂರಲ್ಲಿ ಒಂದು ರೂಮಿನ ಬಾಡಿಗೆನೂ ಅಷ್ಟಕ್ಕೆ ಸಿಗಲ್ಲ, ಮನೆಗೆಲಸ ಮಾಡೋ ಒಬ್ಬರ ದುಡಿಮೆನೇ ಅದಕ್ಕಿಂತ ಜಾಸ್ತಿ. ಬಿಪಿಎಲ್ ಕಾರ್ಡಿಗೆ ಮಿತಿ ವರ್ಷಕ್ಕೆ 1.2 ಲಕ್ಷ, ಪಿಂಚಣಿಗೆ 32,000. ಒಂದೇ ಮನೆ ಒಂದು ಇಲಾಖೆಗೆ ಬಡವರ ಮನೆ, ಇನ್ನೊಂದಕ್ಕೆ ಅಲ್ಲ. ಮಿತಿ ಇಷ್ಟು ಕೆಳಗಿದ್ದಾಗ ಆದಾಯ ಪ್ರಮಾಣಪತ್ರದಲ್ಲಿ ಎಷ್ಟು ಬರೀತಾರೆ ಅನ್ನೋದು ಪೂರ್ತಿ ಸ್ಥಳ ಪರಿಶೀಲನೆ ಮಾಡೋರ ಮನಸ್ಸಿನ ಮೇಲೆ ಹೋಗುತ್ತೆ, ದಲ್ಲಾಳಿಗಳಿಗೆ ಜಾಗ ಹುಟ್ಟೋದೂ ಅಲ್ಲೇ.

ತಡ ಆಗೋದನ್ನ ತಪ್ಪಿಸೋಕೆ ಅಂತಲೇ ಸಕಾಲ ಬಂತು, ಕಾಯ್ದೆ 2011ರದ್ದು, ರಾಜ್ಯಕ್ಕೆಲ್ಲ ವಿಸ್ತರಿಸಿದ್ದು 2012ರ ಏಪ್ರಿಲಲ್ಲಿ. ಪಿಂಚಣಿ ಮಂಜೂರಾತಿಗೆ 45 ದಿನ. ತಡ ಮಾಡಿದ್ರೆ ದಿನಕ್ಕೆ 20 ರೂಪಾಯಿ, ಹೆಚ್ಚಂದ್ರೆ 500 ರೂಪಾಯಿ ಅರ್ಜಿದಾರರಿಗೆ ಪರಿಹಾರ. ಗಡುವು ಅಂತ ಒಂದು ಇದೆ ಅನ್ನೋದೇ ಜನರಿಗೆ ಬಲ ಕೊಟ್ಟಿತು, ಕೈಲೊಂದು ಸ್ವೀಕೃತಿ ಚೀಟಿ, ಅದರಲ್ಲೊಂದು ನಂಬರ್. ಆದ್ರೆ ತಿರಸ್ಕಾರ ಮಾಡಿದ್ರೂ ಅರ್ಜಿ ವಿಲೇವಾರಿ ಆಯ್ತು ಅಂತಲೇ ಲೆಕ್ಕ. 'ದಾಖಲೆ ಸರಿಯಿಲ್ಲ' ಅಂತ ಒಂದು ಸಾಲು ಹಾಕಿ ಮುಚ್ಚಿದ್ರೆ ಗಡುವು ಮೀರಿದ ಹಾಗಾಗಲ್ಲ, ಅರ್ಜಿದಾರರು ಮಾತ್ರ ಮತ್ತೆ ಮೊದಲಿಂದ. ಮಂಜೂರಾತಿ ಆದೇಶ ಬಂದ್ಮೇಲೆ ಖಾತೆಗೆ ದುಡ್ಡು ಬೀಳೋಕೆ ಎಷ್ಟು ದಿನ ಹಿಡೀತು ಅನ್ನೋದನ್ನೂ ಆ 45 ದಿನ ನೋಡಲ್ಲ. 2022ರಲ್ಲಿ 155245 ನಂಬರಿಗೆ ಫೋನ್ ಮಾಡಿದ್ರೆ 72 ಗಂಟೇಲಿ ಮನೆ ಬಾಗಿಲಿಗೆ ಪಿಂಚಣಿ ಆದೇಶ ಅನ್ನೋ ಯೋಜನೆ ಬಂತು. ಇರೋ ದಾಖಲೆನೇ ನೋಡಿ ಅರ್ಹರನ್ನ ಸರ್ಕಾರವೇ ಹುಡುಕ್ಕೊಂಡು ಹೋಗೋ ಆ ಯೋಚನೆ ಸರಿಯಾದ ದಾರಿ. ಆದ್ರೆ ವಯಸ್ಸಾದವರ ಪಿಂಚಣಿಗೆ ಆಧಾರಲ್ಲಿರೋ ವಯಸ್ಸು ಸಾಕು, ಅಂಗವಿಕಲರಿಗೆ ಯುಡಿಐಡಿ ಮೊದಲು ಆಗಿರ್ಬೇಕು, ಆ ಆಸ್ಪತ್ರೆ ಸಾಲು 72 ಗಂಟೆ ಒಳಗೆ ಬರಲ್ಲ.

ಇನ್ನು ಕೊನೇ ಗೇಟು, ಬ್ಯಾಂಕು. ಮನಿಯಾರ್ಡರ್ ಹೋಗಿ ಖಾತೆಗೆ ಜಮಾ ಆಗೋದು ಬಂದಾಗ ಮಧ್ಯದವರ ಕಾಟ ಕಮ್ಮಿ ಆಯ್ತು, ಅದರಲ್ಲಿ ಅನುಮಾನ ಇಲ್ಲ. ಖಜಾನೆ-2 ಅನ್ನೋ ಸರ್ಕಾರಿ ಪಾವತಿಯ ಕಂಪ್ಯೂಟರ್ ವ್ಯವಸ್ಥೆ, ಆಮೇಲೆ ಆಧಾರ್ ಆಧಾರಿತ ಡಿಬಿಟಿ, ಅಂದ್ರೆ ದುಡ್ಡು ನೇರವಾಗಿ ಖಾತೆಗೆ. ಡಿಬಿಟಿಲಿ ನಾವು ಪಾಸ್‌ಬುಕ್ ಜೆರಾಕ್ಸ್ ಕೊಟ್ಟಿರೋ ಖಾತೆಗೇ ದುಡ್ಡು ಬರುತ್ತೆ ಅಂತಿಲ್ಲ. ಬ್ಯಾಂಕುಗಳ ನಡುವಿನ ಪಾವತಿ ನೋಡ್ಕೊಳ್ಳೋ ಎನ್‌ಪಿಸಿಐ ಹತ್ರ ಒಂದು ಮ್ಯಾಪಿಂಗ್ ಇರುತ್ತೆ, ಆಧಾರ್ ಕೊನೇದಾಗಿ ಯಾವ ಬ್ಯಾಂಕಿಗೆ ಆ ರೀತಿ ಲಿಂಕ್ ಆಯ್ತೋ ಅಲ್ಲಿಗೆ ಹೋಗುತ್ತೆ. ಯಾರೋ ಮೇಳದಲ್ಲಿ ಹೊಸ ಖಾತೆ ತೆರೆಸ್ತಾರೆ, ಬೆರಳು ಒತ್ತಿಸ್ಕೊಳ್ತಾರೆ, ಅದಾದ್ಮೇಲೆ ಪಿಂಚಣಿ ಆ ಹೊಸ ಖಾತೆಗೆ ಹೋಗ್ತಿರುತ್ತೆ, ಹಳೇ ಪಾಸ್‌ಬುಕ್ ಹಿಡ್ಕೊಂಡು 'ನಿಂತೋಯ್ತು' ಅಂತ ಅಳ್ತಾ ಇರ್ತಾರೆ. ಖಾತೆ ನಿಷ್ಕ್ರಿಯ ಆಗಿದ್ರೆ ದುಡ್ಡು ವಾಪಸ್. ಆಧಾರಲ್ಲಿ 'ಮಂಜುನಾಥ ಆರ್', ಯುಡಿಐಡಿಲಿ 'ಆರ್ ಮಂಜುನಾಥ್' ಅಂತಿದ್ರೂ ತಾಳೆ ಆಗಲ್ಲ ಅಂತ ನಿಲ್ಲಬಹುದು. ಕುಷ್ಠ ವಾಸಿಯಾಗಿ ಬೆರಳು ಸವೆದಿರೋರಿಗೆ, ಕೈ ಬಿಗಿದಿರೋ ಸೆರೆಬ್ರಲ್ ಪಾಲ್ಸಿ ಇರೋರಿಗೆ ಬೆರಳಚ್ಚು ಕೇಳೋದು, ಅದೂ ಅಂಗವಿಕಲರ ಯೋಜನೆಯಲ್ಲೇ ಕೇಳೋದು, ಮನಸ್ಸಿಗೆ ತುಂಬಾ ನೋವು ಕೊಡೋ ವಿಷಯ.

ಗಮನಿಸಿ ನೋಡಿದ್ರೆ ಪ್ರತಿ ಸುಧಾರಣೆಗೂ ಒಂದು ನ್ಯಾಯವಾದ ಕಾರಣ ಇತ್ತು. ನಕಲಿ ಸರ್ಟಿಫಿಕೇಟ್ ಇತ್ತು, ಅದಕ್ಕೆ ಯುಡಿಐಡಿ. ಸತ್ತವರ ಹೆಸರಲ್ಲಿ ದುಡ್ಡು ಹೋಗ್ತಿತ್ತು, ಅದಕ್ಕೆ ಆಧಾರ್. ತಡ ಆಗ್ತಿತ್ತು, ಅದಕ್ಕೆ ಸಕಾಲ. ಆದ್ರೆ ಹೊಸದು ಬಂದಾಗ ಹಳೇ ಹೆಜ್ಜೆಗಳನ್ನ ಹೆಚ್ಚಾಗಿ ತೆಗೀಲಿಲ್ಲ. ಒಂದು ವ್ಯವಸ್ಥೆಗೂ ಇನ್ನೊಂದಕ್ಕೂ ಮಧ್ಯೆ ಕಾಗದ ಹೊತ್ಕೊಂಡು ಓಡಾಡೋ ಕೆಲಸ ಇವತ್ತಿಗೂ ನಡೆಯೋಕಾಗದವರು, ನೋಡೋಕಾಗದವರು ಮತ್ತು ಅವರ ಮನೆಯವರ ತಲೆ ಮೇಲೇ ಇದೆ. ಹಳ್ಳಿ ಕಡೆ ಗ್ರಾಮ ಪಂಚಾಯ್ತಿಗೊಬ್ಬರು ಪುನರ್ವಸತಿ ಕಾರ್ಯಕರ್ತರು, ಅವರೂ ಅಂಗವಿಕಲರೇ ಆಗಿರ್ತಾರೆ, ಸಣ್ಣ ಗೌರವಧನಕ್ಕೆ ಅರ್ಜಿ ತುಂಬಿಸಿ ಜೊತೆಗೆ ಓಡಾಡ್ತಾರೆ. ಬೆಂಗಳೂರಿನ ದೊಡ್ಡ ದೊಡ್ಡ ವಾರ್ಡುಗಳಲ್ಲಿ ಅಂಥವರು ಯಾರು, ಎಲ್ಲಿ ಸಿಗ್ತಾರೆ ಅಂತ ಪಕ್ಕದ ಮನೆಯವರಿಗೂ ಗೊತ್ತಿರಲ್ಲ.

ಇಷ್ಟೆಲ್ಲ ಆಗಿ ಬರೋದೆಷ್ಟು? 2021ರ ಜುಲೈನಲ್ಲಿ ಹೆಚ್ಚಳ ಘೋಷಣೆ ಆದಾಗ ಶೇ 40ರಿಂದ 75ರವರಿಗೆ 600 ಇದ್ದಿದ್ದು 800 ಆಯ್ತು. ಅದೇ ದಿನ ವಯಸ್ಸಾದವರ ಪಿಂಚಣಿಯಾದ ಸಂಧ್ಯಾ ಸುರಕ್ಷಾ 1000ದಿಂದ 1200ಕ್ಕೆ ಏರಿತು. ಈಗ 2016ರ ಕಾಯ್ದೆಯ 24ನೇ ಕಲಂ ಓದಿ. ಬೇರೆಯವರಿಗಿರೋ ಅದೇ ತರಹದ ಯೋಜನೆಗಿಂತ ಅಂಗವಿಕಲರಿಗೆ ಕೊಡೋ ನೆರವು ಕನಿಷ್ಠ ಶೇ 25ರಷ್ಟು ಜಾಸ್ತಿ ಇರ್ಬೇಕು ಅಂತ ಅದು ಹೇಳುತ್ತೆ. 1200ಕ್ಕೆ ಶೇ 25 ಸೇರಿಸಿದ್ರೆ 1500. 800 ಎಲ್ಲಿ, 1500 ಎಲ್ಲಿ. ತಡದ ಬಗ್ಗೆ ನಡೆಯೋ ಮಾತಿನ ಗದ್ದಲದಲ್ಲಿ ಈ ಲೆಕ್ಕ ಯಾರೂ ಎತ್ತಲ್ಲ, ಎತ್ತಲೇಬೇಕು. 2011ರ ಜನಗಣತಿ ಪ್ರಕಾರವೇ ರಾಜ್ಯದಲ್ಲಿ 13 ಲಕ್ಷಕ್ಕೂ ಹೆಚ್ಚು ಅಂಗವಿಕಲರಿದ್ದರು, ಅದೂ ಹಳೇ ಚಿಕ್ಕ ಪಟ್ಟಿ ಇದ್ದ ಕಾಲದ ಎಣಿಕೆ.

2024ರ ಅಕ್ಟೋಬರಲ್ಲಿ ಕೇಂದ್ರ ನಿಯಮ ತಿದ್ದುಪಡಿ ಆಯ್ತು. ಸರ್ಟಿಫಿಕೇಟ್ ಕೊಡೋಕೆ ಇದ್ದ ಒಂದು ತಿಂಗಳ ಗಡುವು ಮೂರು ತಿಂಗಳಾಯ್ತು. ಎರಡು ವರ್ಷ ತೀರ್ಮಾನ ಆಗದೆ ಉಳಿದ ಅರ್ಜಿ ತಾನಾಗೇ ರದ್ದಾಗಿ ಮತ್ತೆ ಹಾಕ್ಬೇಕಾಗುತ್ತೆ. ಹಾಗಾಗಿ ಈಗಾಗಲೇ ಯುಡಿಐಡಿಗೆ ಹಾಕಿ ಸುಮ್ಮನೆ ಕಾಯ್ತಿರೋರು ಎನ್‌ರೋಲ್‌ಮೆಂಟ್ ನಂಬರ್ ಇಟ್ಕೊಂಡು ಯುಡಿಐಡಿಯ ಸ್ವಾವಲಂಬನ್ ಪೋರ್ಟಲಲ್ಲಿ ಈಗಲೇ ಸ್ಥಿತಿ ನೋಡೋದು ಒಳ್ಳೇದು. ತಾತ್ಕಾಲಿಕ ಸರ್ಟಿಫಿಕೇಟ್ ಇರೋರು ಅವಧಿ ಮುಗಿಯೋಕೆ ಕೆಲವು ತಿಂಗಳು ಮುಂಚೆನೇ ನವೀಕರಣಕ್ಕೆ ಹಾಕಿ, ಮುಗಿದ್ಮೇಲೆ ಹಾಕಿದ್ರೆ ಮಧ್ಯೆ ಪಿಂಚಣಿ ನಿಲ್ಲೋ ಸಾಧ್ಯತೆ ಇದೆ. ಮಂಜೂರಾಗಿದೆ ಆದ್ರೆ ದುಡ್ಡು ಬಂದಿಲ್ಲ ಅನ್ನೋರು ತಾಲ್ಲೂಕು ಕಚೇರಿಗೆ ಹೋಗೋ ಮುಂಚೆ ಆಧಾರ್ ವೆಬ್‌ಸೈಟಲ್ಲಿ ಯಾವ ಬ್ಯಾಂಕಿಗೆ ಸೀಡ್ (ಲಿಂಕ್) ಆಗಿದೆ ನೋಡಿ, ಡಿಬಿಟಿ ಕರ್ನಾಟಕ ಆ್ಯಪಲ್ಲಿ ಪಾವತಿ ಹೋಗಿದ್ಯಾ ನೋಡಿ. ಅಲ್ಲಿ ಹೋಗಿದೆ ಅಂತ ತೋರಿಸಿದ್ರೆ ಕೇಳ್ಬೇಕಾಗಿರೋದು ಬ್ಯಾಂಕನ್ನ. ಹೋಗೇ ಇಲ್ಲ ಅಂದ್ರೆ ಮಂಜೂರಾತಿ ಆದೇಶದ ನಂಬರ್ ಹಿಡ್ಕೊಂಡು ತಹಶೀಲ್ದಾರ್ ಕಚೇರಿಯ ಪಿಂಚಣಿ ವಿಭಾಗದಲ್ಲಿ ಕೇಳಿ, ಬಾಯಿಮಾತಲ್ಲಿ ಉತ್ತರ ಕೊಟ್ಟರೆ ಒಂದು ಅರ್ಜಿ ಬರೆದುಕೊಟ್ಟು ಅದರ ನಕಲಿನ ಮೇಲೆ ಸೀಲು, ತಾರೀಖು ಹಾಕಿಸ್ಕೊಳ್ಳಿ.