ಅಮ್ಮ ಇದ್ದ ಮೇಲೆ ಅದೆಂಥ ಅನಾಥ?

ಓಣಂ ರಜೆ ಬಂದರೆ ಸಾಕು, ನಮ್ಮ ಕಾಸರಗೋಡಿನ ವಾಟ್ಸಾಪ್ ಗುಂಪುಗಳಲ್ಲಿ ಯಾರಾದರೊಬ್ಬರು ಇದನ್ನು ಎತ್ತುತ್ತಾರೆ. ಅನಾಥಾಲಯದ ಹುಡುಗನನ್ನು ಮನೆಗೆ ಕರ್ಕೊಂಡು ಹೋಗ್ಲಿಕ್ಕೆ ಅಮ್ಮ ಬಂದಿದ್ದಾಳಂತೆ, ಹಾಗಾದ್ರೆ ಇದು ದುಡ್ಡು ಎತ್ತುವ ಮೋಸ ಅಲ್ವಾ ಅಂತ. ಮೋಸ ಎಲ್ಲಾದರೂ ಇರಬಹುದು, ಆದರೆ ಅಮ್ಮ ಬಂದದ್ದು ಅದಕ್ಕೆ ಸಾಕ್ಷಿಯಲ್ಲ.

ಸಂಸ್ಕೃತದಲ್ಲಿ ನಾಥ ಅಂದ್ರೆ ಕಾಯುವವನು, ಆಸರೆ, ಒಡೆಯ. ಅದಿಲ್ಲದವನು ಅನಾಥ. ಅಪ್ಪ ಅಮ್ಮನ ಸುದ್ದಿಯೇ ಈ ಪದದಲ್ಲಿಲ್ಲ. ಪೇಪರಿನಲ್ಲಿ 'ಅನಾಥ ಶವ ಪತ್ತೆ' ಅಂತ ಬರುತ್ತದಲ್ಲ, ಸತ್ತವನು ಎಪ್ಪತ್ತರ ಮುದುಕ, ಅವನಿಗೆ ಅಪ್ಪ ಅಮ್ಮ ಇಲ್ಲ ಅಂತಲಾ ಹಾಗೆ ಬರೆಯುವುದು? ಹೆಂಡತಿ ಮಕ್ಕಳು ಎಲ್ಲೋ ಇರಬಹುದು, ಹೆಣ ಕೇಳಿಕೊಂಡು ಬಂದವರಿಲ್ಲ, ಅದಕ್ಕೆ. ಸ್ಟೇಷನ್ ಎದುರು ತಿಂಗಳುಗಟ್ಟಲೆ ನಿಂತು ಟಯರ್ ಇಳಿದ ಬೈಕೂ ಅನಾಥವೇ. ಹೆಣಕ್ಕೂ ಬೈಕಿಗೂ ಸರಿಯಾಗಿ ಹೇಳುವ ನಾವು ಮಗುವಿನ ವಿಷಯ ಬಂದಾಗ ಮಾತ್ರ ಇಂಗ್ಲಿಷಿನ 'ಆರ್ಫನ್' ತಂದು ಇದರ ತಲೆಗೆ ಕಟ್ಟುತ್ತೇವೆ.

ಅನಾಥಾಲಯಕ್ಕೆ ಯತೀಂಖಾನ ಅನ್ನುವ ಮುಸ್ಲಿಮರಿಗೆ ಈ ಗೊಂದಲ ಇಲ್ಲ. ಯತೀಂ ಅಂದ್ರೆ ಪ್ರಾಯಕ್ಕೆ ಬರುವ ಮೊದಲೇ ಅಪ್ಪನನ್ನು ಕಳಕೊಂಡ ಮಗು. ಅಮ್ಮ ಇದ್ದರೂ ಯತೀಮೇ.

2015ರ ಬಾಲನ್ಯಾಯ ಕಾಯ್ದೆಯೂ ಸಂಸ್ಕೃತದ ಅರ್ಥಕ್ಕೇ ಹತ್ತಿರ ಉಂಟು. ಅನಾಥ ಅನ್ನಲು ಅಪ್ಪ ಅಮ್ಮ ಸತ್ತಿರಲೇಬೇಕು ಅಂತ ಅದು ಹೇಳುವುದಿಲ್ಲ. ಕಾನೂನು ಪ್ರಕಾರದ ಪಾಲಕರಿಗೆ (ಗಾರ್ಡಿಯನ್) ನೋಡಿಕೊಳ್ಳಲು ಮನಸ್ಸಿಲ್ಲ, ಇಲ್ಲವೇ ಕೈಲಾಗುವುದಿಲ್ಲ ಅಂದ್ರೂ ಲೆಕ್ಕಕ್ಕೆ ಬರುತ್ತದೆ. ಅದಕ್ಕಿಂತ ದೊಡ್ಡ ಗುಂಪು 'ಪಾಲನೆ ಮತ್ತು ರಕ್ಷಣೆ ಬೇಕಾದ ಮಕ್ಕಳು'. ಮನೆಯಲ್ಲಿ ಪೆಟ್ಟು ತಿನ್ನುವವರು, ಭಿಕ್ಷೆಗೆ ಕೂರಿಸಲ್ಪಟ್ಟವರು, ದುಡಿಮೆಗೆ ಕಳಿಸಲ್ಪಟ್ಟವರು ಎಲ್ಲ ಇದರಲ್ಲೇ. ಇವರನ್ನು ಹೋಮಿಗೆ ಕಳಿಸುವುದು ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ. ಕೇಸಿನಲ್ಲಿ ಸಿಕ್ಕಿಬಿದ್ದ ಮಕ್ಕಳ ಅಬ್ಸರ್ವೇಷನ್ ಹೋಮ್ ಬೇರೆ, ಎರಡನ್ನೂ 'ರಿಮಾಂಡ್ ಹೋಮ್' ಅಂತ ಒಂದೇ ಚೀಲಕ್ಕೆ ತುಂಬಬೇಡಿ.

'ಅನಾಥ ಮಕ್ಕಳೊಂದಿಗೆ ನಮ್ಮ ಮಗನ ಬರ್ತ್‌ಡೇ' ಅಂತ ಫೋಟೋ ಹಾಕುವವರಿಗೂ ಒಂದು ಮಾತು. ಕೇಕಿನ ತುಂಡು ಹಿಡಿದು ಸಾಲಾಗಿ ನಿಂತ ಮಕ್ಕಳ ಮುಖ ಊರಿಗೆಲ್ಲ ತೋರಿಸಿಬಿಡುತ್ತೀರಿ. ಇಂಥ ಮಕ್ಕಳ ಗುರುತು ಬಯಲು ಮಾಡುವುದು ಅದೇ ಕಾಯ್ದೆಯ 74ನೇ ಕಲಮಿನ ಪ್ರಕಾರ ಅಪರಾಧ. 6 ತಿಂಗಳವರೆಗೆ ಜೈಲು, ಇಲ್ಲವೇ 2 ಲಕ್ಷ ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ಊಟ ಕೊಡಿ, ಫೋನ್ ಕಿಸೆಯಲ್ಲಿರಲಿ.

ಇನ್ನು ಕೆಲವರು ಸೀದಾ ಹೋಮಿಗೇ ಹೋಗಿ 'ಒಂದು ಅನಾಥ ಮಗು ಕೊಡಿ, ಸಾಕಿಕೊಳ್ತೇವೆ' ಅನ್ನುತ್ತಾರೆ. ಅಲ್ಲಿರುವ ಮಗುವಿಗೆ ಅಮ್ಮ ಇರಬಹುದು, ಇಷ್ಟು ಹೊತ್ತು ಹೇಳಿದ್ದೇ ಅದನ್ನಲ್ವಾ? ದತ್ತು ಹೋಗಬಹುದಾದ ಮಗು ಯಾವುದು ಅಂತ ಮೊದಲು ಸಮಿತಿ ಘೋಷಿಸಬೇಕು. ಹೆತ್ತವರೇ ಒಪ್ಪಿಸಿದ ಮಗುವಾದರೆ ಮನಸ್ಸು ಬದಲಿಸಲು ಅವರಿಗೆ 2 ತಿಂಗಳು ಸಮಯ ಇದೆ. ಅದೆಲ್ಲ ಮುಗಿದ ಮೇಲೂ ಅರ್ಜಿ ಹಾಕಬೇಕಾದ್ದು ಕೇಂದ್ರ ಸರಕಾರದ ದತ್ತು ಪ್ರಾಧಿಕಾರ 'ಕಾರಾ' ಮೂಲಕ, ನಿಮ್ಮ ಸರದಿ ಬರುವವರೆಗೆ ಕಾಯಬೇಕು. ಹೋಮಿನ ಮ್ಯಾನೇಜರನ್ನು ಪೀಡಿಸಿ ಪ್ರಯೋಜನ ಇಲ್ಲ.