ಓದುಗರ ಪ್ರಶ್ನೆ: ‘ಇನ್ ಕೋಲ್ಡ್ ಬ್ಲಡ್’ನಲ್ಲಿ ಇರುವುದೆಲ್ಲ ನಡೆದದ್ದೇ?

ಪ್ರಶ್ನೆ: ಟ್ರೂಮನ್ ಕಪೋಟಿ ಬರೆದ ‘ಇನ್ ಕೋಲ್ಡ್ ಬ್ಲಡ್’ ಓದಿದೆ. ಕಾದಂಬರಿ ಥರ ಇದೆ, ಆದರೆ ನಿಜ ಘಟನೆ ಅಂತಾರೆ. ಎಲ್ಲವೂ ನಿಜವಾ?

ಉತ್ತರ: ಕೊಲೆ ನಿಜ, ಊರು ನಿಜ, ಗಲ್ಲು ನಿಜ. ಆದರೆ ಕೆಲವು ವಿವರಗಳು ತಪ್ಪು, ಕೊನೆಯ ದೃಶ್ಯವಂತೂ ನಡೆದೇ ಇಲ್ಲ.

1959ರ ನವೆಂಬರ್ 15ರ ನಸುಕು. ಅಮೆರಿಕದ ಕ್ಯಾನ್ಸಸ್ ರಾಜ್ಯದ ಹೋಲ್ಕಂಬ್ ಎಂಬ ಪುಟ್ಟ ಊರು. ಕ್ಲಟರ್ ಎಂಬ ರೈತ, ಅವರ ಹೆಂಡತಿ, ಹದಿಹರೆಯದ ಮಗಳು ಮತ್ತು ಮಗ ತಮ್ಮ ಮನೆಯಲ್ಲೇ ಕೊಲೆಯಾದರು. ತಿಜೋರಿ ತುಂಬ ದುಡ್ಡಿದೆ ಅಂತ ನುಗ್ಗಿದ್ದ ಇಬ್ಬರಿಗೆ ಸಿಕ್ಕಿದ್ದು 50 ಡಾಲರ್‌ಗಿಂತ ಕಡಿಮೆ. ಆ ಮನೆಯಲ್ಲಿ ತಿಜೋರಿಯೇ ಇರಲಿಲ್ಲ.

ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬಂದ ಸಣ್ಣ ಸುದ್ದಿ ನೋಡಿ ಕಪೋಟಿ ಹೊರಟರು. ಆಗ ಅವರಿಗೆ 35. ಕಾದಂಬರಿಕಾರ ಅಂತ ಆಗಲೇ ಹೆಸರಿತ್ತು. ಜೊತೆಗೆ ಹೋದವರು ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಕಾದಂಬರಿಯ ಲೇಖಕಿ ಹಾರ್ಪರ್ ಲೀ. ಅಲಬಾಮಾದ ಮನ್ರೋವಿಲ್‌ನಲ್ಲಿ ಅಕ್ಕಪಕ್ಕದ ಮನೆಗಳಲ್ಲಿ ಆಡಿ ಬೆಳೆದ ಗೆಳೆಯರು ಇಬ್ಬರೂ. ಕಪೋಟಿಯ ಕೀರಲು ದನಿ, ವಿಚಿತ್ರ ಉಡುಪು ಕಂಡು ಊರಿನವರು ದೂರ ನಿಂತರು. ಲೀ ಜೊತೆ ಮಾತ್ರ ಸಲೀಸಾಗಿ ಮಾತಾಡಿದರು. ಲೀ ಬರೆದುಕೊಟ್ಟ ಟಿಪ್ಪಣಿಗಳು ನೂರಕ್ಕೂ ಹೆಚ್ಚು ಪುಟ. ಈ ಪುಸ್ತಕದ ಮಾತು ಬಂದಾಗ ಲೀ ಅವರ ದುಡಿಮೆಯನ್ನು ನೆನೆಯುವವರು ಕಡಿಮೆ. ನನಗೆ ಅದು ಅನ್ಯಾಯ ಅನ್ನಿಸುತ್ತದೆ.

ಕಪೋಟಿ ಟೇಪ್ ರೆಕಾರ್ಡರ್ ಬಳಸುತ್ತಿರಲಿಲ್ಲ, ಎದುರಿಗೆ ಕೂತು ಬರೆದುಕೊಳ್ಳುತ್ತಲೂ ಇರಲಿಲ್ಲ. ಕೇಳಿದ್ದನ್ನು ಆಮೇಲೆ ನೆನಪಿನಿಂದ ಬರೆಯುತ್ತಿದ್ದರು. ಹಾಗಿದ್ದೂ, ಪ್ರತಿ ಮಾತೂ ನಿಜ ಅಂತ ಹೇಳಿಕೊಂಡರು. ತೊಂದರೆ ಶುರುವಾದದ್ದೇ ಇಲ್ಲಿ. ಪುಸ್ತಕ ಬಂದ 1966ರಲ್ಲೇ ಎಸ್ಕ್ವೈರ್ ಪತ್ರಿಕೆ ಕ್ಯಾನ್ಸಸ್‌ನವರನ್ನು ಕೇಳಿ ತಪ್ಪುಗಳನ್ನು ಎತ್ತಿ ತೋರಿಸಿತು. ಆರೋಪಿಯ ಸುಳಿವು ಸಿಕ್ಕ ರಾತ್ರಿಯೇ ಪೊಲೀಸರು ಅವನ ಮನೆಗೆ ಹೋದರು ಅಂತ ಪುಸ್ತಕದಲ್ಲಿದೆ. ಅವರು ಹೋದದ್ದು ಐದು ದಿನ ಬಿಟ್ಟು ಅನ್ನುವುದು ಹಳೆಯ ಕಡತಗಳಿಂದ 2013ರಲ್ಲಿ ಹೊರಬಂತು.

ಇನ್ನು ಆ ಕೊನೆಯ ದೃಶ್ಯ. ತನಿಖಾಧಿಕಾರಿ ಆಲ್ವಿನ್ ಡ್ಯೂಯಿ ಸ್ಮಶಾನದಲ್ಲಿ, ಸತ್ತ ಹುಡುಗಿಯ ಗೆಳತಿಯನ್ನು ಭೇಟಿಯಾಗುತ್ತಾರೆ. ಅವಳೀಗ ಕಾಲೇಜಿನಲ್ಲಿ ಓದುತ್ತಿದ್ದಾಳೆ, ಗಾಳಿಗೆ ಗೋಧಿ ತೂಗುತ್ತಿದೆ. ಓದಿದರೆ ಮನಸ್ಸು ಹಗುರಾಗುತ್ತದೆ. ಆದರೆ ಅಂಥ ಭೇಟಿ ಆಗಲೇ ಇಲ್ಲ ಅಂದವರು ಸ್ವತಃ ಡ್ಯೂಯಿ.

ಯಾಕೆ ಹೀಗೆ ಮಾಡಿದರು? ಕೊಲೆಗಾರರಿಬ್ಬರ ಜೊತೆ ಕಪೋಟಿ ಐದು ವರ್ಷ ಪತ್ರ ಬರೆದು, ಜೈಲಿಗೆ ಹೋಗಿ ಮಾತಾಡಿದ್ದರು. ಪೆರಿ ಸ್ಮಿತ್‌ನನ್ನಂತೂ ತುಂಬ ಹಚ್ಚಿಕೊಂಡಿದ್ದರು. ಅದೇ ಹೊತ್ತಿಗೆ, ಗಲ್ಲಾಗದೆ ಪುಸ್ತಕ ಮುಗಿಯುವಂತಿರಲಿಲ್ಲ. 1965ರ ಏಪ್ರಿಲ್ 14ರಂದು ಇಬ್ಬರನ್ನೂ ಗಲ್ಲಿಗೇರಿಸಿದಾಗ ಅವರು ಅಲ್ಲೇ ಇದ್ದರು. ಆ ನೇಣುಗಂಬದ ಮೇಲೆ ಪುಸ್ತಕ ನಿಲ್ಲಿಸಲು ಅವರಿಂದ ಆಗಲಿಲ್ಲ ಅಂತ ನನಗನ್ನಿಸುತ್ತದೆ. 1951ರ ತಮ್ಮದೇ ಕಾದಂಬರಿ ‘ದ ಗ್ರಾಸ್ ಹಾರ್ಪ್’ ಮುಗಿಯುವುದೂ ಸ್ಮಶಾನದಲ್ಲಿ, ಇಬ್ಬರು ಗೆಳೆಯರ ಜೊತೆಗೇ. ಅಲ್ಲಿಂದಲೇ ಆ ದೃಶ್ಯ ತಂದಿರಬೇಕು.

ಇದಾದ ಮೇಲೆ 1984ರಲ್ಲಿ, 59ನೇ ವಯಸ್ಸಿನಲ್ಲಿ ತೀರಿಕೊಳ್ಳುವವರೆಗೂ, ಕಪೋಟಿ ಮತ್ತೊಂದು ಕಾದಂಬರಿ ಮುಗಿಸಲಿಲ್ಲ.