ಒಂದೇ ಲ್ಯಾಪ್‌ಟಾಪ್, ಎರಡು ಕಂಪ್ಯೂಟರ್: ನಡುವಿನ ದಾರಿ ಯಾವುದು?

ಕಳೆದ ತಿಂಗಳು ಒಂದು ಭಾನುವಾರ ತುಮಕೂರಿನಿಂದ ಅಕ್ಕನ ಮಗಳು ಫೋನ್ ಮಾಡಿದಳು. ಬಿಸಿಎ ಎರಡನೇ ವರ್ಷ. ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ವರ್ಚುವಲ್‌ಬಾಕ್ಸ್ ಎಂಬ ಸಾಫ್ಟ್‌ವೇರ್ ಹಾಕಿಕೊಂಡು, ಅದರೊಳಗೆ ಉಬುಂಟು ಸರ್ವರ್ ಎಂಬ ಲಿನಕ್ಸ್ ಇಟ್ಟುಕೊಂಡಿದ್ದಾಳೆ. ಪ್ರಾಜೆಕ್ಟಿಗೆ ಅಂತ ಒಂದು ಪುಟ್ಟ ವೆಬ್‌ಸೈಟ್ ಬರೆದು ಉಬುಂಟುವಿನಲ್ಲಿ ಓಡಿಸಿದ್ದಾಳೆ.

"ಮಾವ, ಉಬುಂಟು ಒಳಗಿಂದ ಇಂಟರ್ನೆಟ್ ಚೆನ್ನಾಗಿ ಬರ್ತಿದೆ. ಆದ್ರೆ ವಿಂಡೋಸಿನ ಬ್ರೌಸರಿನಲ್ಲಿ ನನ್ನ ಸೈಟ್ ತೆರೀತಾನೇ ಇಲ್ಲ. ಎರಡೂ ಒಂದೇ ಲ್ಯಾಪ್‌ಟಾಪಲ್ಲಿ ಇವೆ ಅಲ್ವಾ?"

"ಉಬುಂಟುವಿನ ಐಪಿ ವಿಳಾಸ ಎಷ್ಟು ಅಂತ ನೋಡು ಪುಟ್ಟಿ" ಅಂದೆ.

"10.0.2.15."

ನಾನು ಬೆಂಗಳೂರಿನಲ್ಲಿ ನನ್ನ ಲ್ಯಾಪ್‌ಟಾಪ್ ತೆರೆದು, ನನ್ನ ಉಬುಂಟುವಿನ ವಿಳಾಸ ನೋಡಿ ಅವಳಿಗೆ ಓದಿ ಹೇಳಿದೆ. 10.0.2.15. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ಎರಡು ಊರು, ಎರಡು ಯಂತ್ರ, ವಿಳಾಸ ಮಾತ್ರ ಒಂದೇ. ಅದು ಹೇಗೆ ಅಂತ ಅರ್ಥವಾದರೆ ಅವಳ ಸೈಟ್ ಯಾಕೆ ತೆರೆಯುತ್ತಿಲ್ಲ ಅನ್ನುವುದೂ ಅರ್ಥವಾಗುತ್ತದೆ.

ವರ್ಚುವಲ್ ಮಷೀನ್ ಅಂದರೆ ಕಂಪ್ಯೂಟರಿನೊಳಗೆ ಸಾಫ್ಟ್‌ವೇರಿನಿಂದ ಕಟ್ಟಿದ ಇನ್ನೊಂದು ಕಂಪ್ಯೂಟರ್. ಹೊರಗಿನದು ಹೋಸ್ಟ್, ಒಳಗಿನದು ಗೆಸ್ಟ್. ನಮ್ಮ ಮಾತಲ್ಲಿ ಮನೆಯವರು ಮತ್ತು ನೆಂಟರು. ಈ ನೆಂಟ ತನ್ನದೇ ಡಿಸ್ಕ್, ತನ್ನದೇ ಮೆಮೊರಿ, ತನ್ನದೇ ನೆಟ್‌ವರ್ಕ್ ಕಾರ್ಡ್ ಇದೆ ಅಂತಲೇ ನಂಬಿಕೊಂಡಿರುತ್ತಾನೆ. ವರ್ಚುವಲ್‌ಬಾಕ್ಸ್ ಇಂಟೆಲ್‌ನ ಪ್ರೋ/1000 ಎಂಬ ಹಳೆಯ ಕಾರ್ಡಿನ ವೇಷ ಹಾಕಿ ಅವನ ಮುಂದೆ ನಿಲ್ಲುತ್ತದೆ. ಆ ಕಾರ್ಡಿಗೆ 08:00:27 ಅಂತ ಶುರುವಾಗುವ ಒಂದು ಮ್ಯಾಕ್ ವಿಳಾಸವನ್ನೂ, ಅಂದರೆ ಕಾರ್ಡಿನ ಗುರುತಿನ ಸಂಖ್ಯೆಯನ್ನೂ, ಕೊಡುತ್ತದೆ. ಸೆಟ್ಟಿಂಗ್ಸಿನಲ್ಲಿ ನೋಡಿದರೆ 'ಕೇಬಲ್ ಕನೆಕ್ಟೆಡ್' ಅಂತ ಒಂದು ಟಿಕ್ ಗುರುತು ಕೂಡ ಇದೆ. ಅದನ್ನು ತೆಗೆದರೆ ಉಬುಂಟು ತನ್ನ ತಂತಿ ಯಾರೋ ಕಿತ್ತರು ಅಂದುಕೊಳ್ಳುತ್ತದೆ.

ಇಲ್ಲದ ಕಾರ್ಡು, ಇಲ್ಲದ ತಂತಿ. ಆದರೂ ತಂತಿ ಅಂದ ಮೇಲೆ ಇನ್ನೊಂದು ತುದಿ ಇರಲೇಬೇಕು. ಆ ತುದಿಯನ್ನು ಎಲ್ಲಿಗೆ ಸಿಕ್ಕಿಸಿದ್ದೀರಿ ಅನ್ನುವುದೇ ಇಲ್ಲಿರುವ ಇಡೀ ವಿಷಯ. ಎರಡೂ ಒಂದೇ ಪ್ರೊಸೆಸರ್, ಒಂದೇ ಬ್ಯಾಟರಿ ಹಂಚಿಕೊಂಡಿದ್ದರೂ ನೆಟ್‌ವರ್ಕಿನ ಲೆಕ್ಕದಲ್ಲಿ ಅದರಿಂದ ಏನೂ ಸಂಬಂಧ ಬರುವುದಿಲ್ಲ.

ನೀವು ಏನೂ ಮುಟ್ಟದೆ ಬಿಟ್ಟರೆ ವರ್ಚುವಲ್‌ಬಾಕ್ಸ್ ಆ ತುದಿಯನ್ನು ನ್ಯಾಟ್ ಎಂಬ ಕಡೆಗೆ ಸಿಕ್ಕಿಸುತ್ತದೆ. ಹಾಸ್ಟೆಲಿನಲ್ಲಿ ಇದ್ದವರಿಗೆ ಇದು ಸುಲಭವಾಗಿ ಗೊತ್ತಾಗುತ್ತದೆ. ಮೊಬೈಲ್ ಬರುವ ಮೊದಲು ಹಾಸ್ಟೆಲಿಗೆಲ್ಲ ಸೇರಿ ಒಂದೇ ಫೋನ್. ಹುಡುಗರು ಯಾರು ಬೇಕಾದರೂ ಅಲ್ಲಿಂದ ಮನೆಗೆ ಫೋನ್ ಮಾಡಬಹುದು. ಮನೆಯವರಿಗೆ ಕಾಣುವುದು ಹಾಸ್ಟೆಲಿನ ನಂಬರ್ ಮಾತ್ರ, ರೂಮಿನದಲ್ಲ. ಹೊರಗಿನಿಂದ ನೇರವಾಗಿ ನಿಮ್ಮ ರೂಮಿಗೆ ಫೋನ್ ಬರುವುದಿಲ್ಲ. ಯಾಕೆಂದರೆ ರೂಮಿಗೆ ಹೊರಗಿನ ನಂಬರೇ ಇಲ್ಲ.

ನ್ಯಾಟ್ ಹೀಗೇ. ಉಬುಂಟು ಒಂದು ಪ್ಯಾಕೆಟ್, ಅಂದರೆ ವಿಳಾಸ ಬರೆದ ಮಾಹಿತಿಯ ಪೊಟ್ಟಣ, ಕಳಿಸುತ್ತದೆ. ವರ್ಚುವಲ್‌ಬಾಕ್ಸ್ ಅದನ್ನು ಬಿಚ್ಚಿ ನೋಡಿ, 'ಇವನಿಗೆ ಇಂಥ ಸೈಟ್ ಬೇಕಂತೆ' ಅಂತ ತಿಳಿದು, ವಿಂಡೋಸಿನಲ್ಲಿ ತನ್ನ ಹೆಸರಿನಲ್ಲೇ ಆ ಸೈಟಿಗೆ ಕರೆ ಮಾಡುತ್ತದೆ. ಉತ್ತರ ಬಂದಾಗ ಅದನ್ನು ಮತ್ತೆ ಪ್ಯಾಕೆಟ್ ಮಾಡಿ ಉಬುಂಟುವಿಗೆ ಒಪ್ಪಿಸುತ್ತದೆ. ವಿಂಡೋಸಿನ ಕಣ್ಣಿಗೆ ಇದು ಬ್ರೌಸರಿನ ಹಾಗೆ ಇಂಟರ್ನೆಟ್ ಬಳಸುವ ಇನ್ನೊಂದು ಪ್ರೋಗ್ರಾಂ, ಅಷ್ಟೆ. 10.0.2.15 ಅನ್ನುವ ವಿಳಾಸ ವರ್ಚುವಲ್‌ಬಾಕ್ಸಿನ ಹೊಟ್ಟೆಯೊಳಗೆ ಮಾತ್ರ ಇದೆ. ವಿಂಡೋಸಿಗೆ ಅದರ ಗಂಧ ಗಾಳಿಯೂ ಇಲ್ಲ. ಹಾಗಾಗಿ ಅವಳ ಬ್ರೌಸರ್ ಆ ವಿಳಾಸ ಹುಡುಕಿಕೊಂಡು ಮನೆಯ ರೂಟರಿನ ಕಡೆಗೆ ಹೋಗಿ, ದಾರಿ ಸಿಗದೆ ಸುಸ್ತಾಗುತ್ತಿತ್ತು. ಬೇಕಾದ ಯಂತ್ರ ತನ್ನ ಪಕ್ಕದಲ್ಲೇ ಇದ್ದರೂ!

ಎರಡು ಕಡೆ ಒಂದೇ ವಿಳಾಸ ಇದ್ದರೆ ಗಲಾಟೆ ಆಗುವುದಿಲ್ಲವೇ? ಆಗುವುದಿಲ್ಲ. ಬೆಂಗಳೂರಿನಲ್ಲೂ ಗಾಂಧಿ ಬಜಾರ್ ಇದೆ, ಶಿವಮೊಗ್ಗದಲ್ಲೂ ಇದೆ. ಊರಿನೊಳಗೆ ಮಾತಾಡುವಾಗ ಯಾರಿಗೂ ಗೊಂದಲವಿಲ್ಲ. 10ರಿಂದ, 192.168ರಿಂದ ಶುರುವಾಗುವ ವಿಳಾಸಗಳನ್ನು 'ಊರೊಳಗಿನ ಬಳಕೆಗೆ' ಅಂತ ಬಿಟ್ಟುಕೊಟ್ಟಿದ್ದಾರೆ. 172.16ರಿಂದ 172.31ರವರೆಗಿನವೂ ಈ ಗುಂಪಿಗೇ ಸೇರಿವೆ. 1996ರಲ್ಲಿ ಆರ್‌ಎಫ್‌ಸಿ 1918 ಎಂಬ ದಾಖಲೆಯಲ್ಲಿ ಇದನ್ನು ಬರೆದಿಟ್ಟರು.

ಈ 10.0.2 ಅನ್ನುವ ಸಂಖ್ಯೆಯ ಹಿಂದೆ ಒಂದು ಕತೆ ಇದೆ. ನನಗೆ ತುಂಬ ಇಷ್ಟವಾದ ಕತೆ. 1990ರ ದಶಕದ ಮಧ್ಯದಲ್ಲಿ ಇಂಟರ್ನೆಟ್ ಸಂಪರ್ಕದಲ್ಲಿ ಎರಡು ಬಗೆ ಇತ್ತು. ಒಂದು ಪೂರ್ತಿ ಸಂಪರ್ಕ, ದುಬಾರಿ. ಇನ್ನೊಂದು ಶೆಲ್ ಅಕೌಂಟ್, ಅಗ್ಗ. ನಮ್ಮಲ್ಲೂ 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್ನೆಟ್ ಕೊಟ್ಟಾಗ ಈ ಎರಡೂ ಬಗೆ ಇದ್ದವು. ಶೆಲ್ ಅಕೌಂಟಿನಲ್ಲಿ ದೂರದ ಕಂಪ್ಯೂಟರಿಗೆ ಫೋನ್ ತಂತಿಯಲ್ಲಿ ಸೇರಿಕೊಂಡು ಬರೀ ಅಕ್ಷರ ನೋಡಬಹುದಿತ್ತು, ಚಿತ್ರವಿಲ್ಲ. ನಿಮ್ಮ ಮನೆಯ ಕಂಪ್ಯೂಟರಿಗೆ ಸ್ವಂತ ವಿಳಾಸವಿಲ್ಲ. ಅದೇ ಕಾಲದಲ್ಲಿ ಡ್ಯಾನಿ ಗಾಸ್ಪರೋವ್‌ಸ್ಕಿ ಎಂಬವರು ಸ್ಲರ್ಪ್ ಎಂಬ ಪ್ರೋಗ್ರಾಂ ಬರೆದರು. ಅದನ್ನು ಶೆಲ್ ಅಕೌಂಟಿನಲ್ಲಿ ಓಡಿಸಿದರೆ ಮನೆಯ ಕಂಪ್ಯೂಟರಿನ ಪ್ಯಾಕೆಟ್‌ಗಳನ್ನು ಬಿಚ್ಚಿ, ತಾನೇ ಹೊರಗೆ ಕರೆ ಮಾಡಿ, ಉತ್ತರ ತಂದುಕೊಡುತ್ತಿತ್ತು. ಯಾರ ವಿಶೇಷ ಅನುಮತಿಯೂ ಬೇಕಿರಲಿಲ್ಲ.

ಡಯಲ್‌ಅಪ್ ಕಾಲ ಮುಗಿಯಿತು, ಸ್ಲರ್ಪ್ ಸಾಯಲಿಲ್ಲ. ಕೆಮು ಎಂಬ ಎಮ್ಯುಲೇಟರ್, ಅಂದರೆ ಬೇರೆ ಯಂತ್ರದ ವೇಷ ಹಾಕುವ ಪ್ರೋಗ್ರಾಂ, ಅದನ್ನು ಒಳಗೆ ಸೇರಿಸಿಕೊಂಡಿತು. ವರ್ಚುವಲ್‌ಬಾಕ್ಸಿನ ನ್ಯಾಟ್ ಕೂಡ ಅದರ ಮೇಲೇ ಕಟ್ಟಿದ್ದು, 10.0.2 ಬಂದದ್ದೂ ಅಲ್ಲಿಂದಲೇ. ಆಂಡ್ರಾಯ್ಡ್ ಆ್ಯಪ್ ಬರೆಯುವವರು ಎಮ್ಯುಲೇಟರಿನೊಳಗಿಂದ ತಮ್ಮ ಲ್ಯಾಪ್‌ಟಾಪನ್ನು ತಲುಪಲು 10.0.2.2 ಅಂತ ಹಾಕುತ್ತಾರಲ್ಲ, ಅದೂ ಈ ವಂಶದ್ದೇ. ದುಡ್ಡು ಕಡಿಮೆ ಇದ್ದವರಿಗೆ ದಾರಿ ಮಾಡಿಕೊಟ್ಟ ಉಪಾಯ ಇವತ್ತು ನಮ್ಮ ವಿದ್ಯಾರ್ಥಿಗಳ ಲ್ಯಾಪ್‌ಟಾಪಿನಲ್ಲಿ ಕೂತು ಕೆಲಸ ಮಾಡುತ್ತಿದೆ.

ಪುಟ್ಟಿಯ ಸೈಟಿಗೆ ಬರೋಣ. ಹಾಸ್ಟೆಲ್ ಫೋನಿಗೆ ಒಂದು ವ್ಯವಸ್ಥೆ ಮಾಡಬಹುದು ಅಲ್ವಾ, 'ಯಾರಾದರೂ ಇಂಥ ಹೆಸರು ಹೇಳಿದರೆ 15ನೇ ರೂಮಿಗೆ ಕೊಡಿ' ಅಂತ? ಅದಕ್ಕೆ ಪೋರ್ಟ್ ಫಾರ್ವರ್ಡಿಂಗ್ ಅನ್ನುತ್ತಾರೆ. ಪೋರ್ಟ್ ಅಂದರೆ ಯಂತ್ರದಲ್ಲಿ ಒಂದೊಂದು ಪ್ರೋಗ್ರಾಂ ಕಾಯುವ ಬಾಗಿಲಿನ ನಂಬರ್. ವಿಂಡೋಸಿನ 8000ನೇ ಪೋರ್ಟಿಗೆ ಬಂದದ್ದನ್ನು ಉಬುಂಟುವಿನ 8000ಕ್ಕೆ ಕೊಡು ಅಂತ ಅವಳು ಒಂದು ಸಾಲು ಬರೆದಳು. ಹೋಸ್ಟ್ ಐಪಿ ಅನ್ನುವ ಜಾಗದಲ್ಲಿ 127.0.0.1 ಹಾಕಿಸಿದೆ. ಅದನ್ನು ಖಾಲಿ ಬಿಟ್ಟರೆ ಅದೇ ವೈಫೈನಲ್ಲಿರುವ ಬೇರೆಯವರಿಗೂ ಆ ಬಾಗಿಲು ಕಾಣಬಹುದು. ಪಿಜಿಯಲ್ಲಿ, ಕಾಫಿ ಅಂಗಡಿಯಲ್ಲಿ ಕೂತು ಕೆಲಸ ಮಾಡುವವರು ಇದನ್ನು ದಯವಿಟ್ಟು ಗಮನಿಸಿ.

ಸಾಲು ಬರೆದಾಯಿತು. ಸೈಟ್ ಮಾತ್ರ ತೆರೆಯಲಿಲ್ಲ.

ಇಲ್ಲಿ ಬಹಳ ಜನ ಗಂಟೆಗಟ್ಟಲೆ ಒದ್ದಾಡುತ್ತಾರೆ. ನಾನೂ ಒದ್ದಾಡಿದ್ದೇನೆ. ಅವಳು ಜಾಂಗೋ ಎಂಬ ವೆಬ್‌ಸೈಟ್ ಕಟ್ಟುವ ಸಾಧನದಲ್ಲಿ ಸೈಟ್ ಬರೆದಿದ್ದಳು. ಜಾಂಗೋದ ಕಲಿಕೆಯ ಸರ್ವರ್ ತಾನಾಗಿ 127.0.0.1ರಲ್ಲಿ ಮಾತ್ರ ಕಿವಿಗೊಡುತ್ತದೆ. ಈ 127.0.0.1 ಒಂದು ಊರಿನ ವಿಳಾಸವಲ್ಲ. ಅದು 'ನಾನು' ಅನ್ನುವ ಪದದ ಹಾಗೆ. ನೀವು 'ನಾನು' ಅಂದರೆ ನೀವು, ನಾನು 'ನಾನು' ಅಂದರೆ ನಾನು. ವಿಂಡೋಸಿನಲ್ಲಿ ಹಾಕಿದ 127.0.0.1 ವಿಂಡೋಸೇ. ಉಬುಂಟುವಿನೊಳಗೆ ಹಾಕಿದರೆ ಉಬುಂಟುವೇ. ಅವಳ ಸರ್ವರ್ 'ನಾನು ನನ್ನ ಜೊತೆ ಮಾತ್ರ ಮಾತಾಡುತ್ತೇನೆ' ಅಂತ ಬಾಗಿಲು ಹಾಕಿಕೊಂಡಿತ್ತು. ಫೋನ್ ರೂಮಿನವರೆಗೆ ಬಂದರೂ ಎತ್ತುವವರಿಲ್ಲ. ಸರ್ವರನ್ನು ನಿಲ್ಲಿಸಿ, 0.0.0.0:8000 ಅಂತ ಕೊಟ್ಟು ಮತ್ತೆ ಶುರು ಮಾಡಿಸಿದೆ. 0.0.0.0 ಅಂದರೆ ನನ್ನ ಯಾವ ಕಾರ್ಡಿಗೆ ಬಂದರೂ ತೆಗೆದುಕೊಳ್ಳುತ್ತೇನೆ ಅಂತ. ಸೈಟ್ ತೆರೆಯಿತು. ಆ ಕಡೆಯಿಂದ ಬಂದ ಕೂಗು ಕೇಳಿ ಅಕ್ಕ ಅಡುಗೆಮನೆಯಿಂದ ಏನಾಯ್ತು ಅಂತ ಕೇಳಿದ್ದು ನನಗೂ ಕೇಳಿಸಿತು.

ಮರುದಿನ ಮತ್ತೆ ಫೋನ್. ಗೆಳತಿಯರು ತಮ್ಮ ಮೊಬೈಲಿನಲ್ಲಿ ಸೈಟ್ ನೋಡಬೇಕಂತೆ. ಹಾಗಾದರೆ ತಂತಿಯ ತುದಿಯನ್ನು ಇನ್ನೊಂದು ಕಡೆ ಸಿಕ್ಕಿಸಬಹುದು: ಬ್ರಿಜ್ಡ್. ಇದರಲ್ಲಿ ಉಬುಂಟು ನೆಂಟನಾಗಿ ಉಳಿಯುವುದಿಲ್ಲ, ಪಕ್ಕದ ಮನೆಯವನಾಗುತ್ತದೆ. ಮನೆಯ ರೂಟರಿನಿಂದಲೇ ವಿಳಾಸ ಪಡೆಯುತ್ತದೆ. ಮೊಬೈಲಿಗೂ ಟಿವಿಗೂ ಅದು ಇನ್ನೊಂದು ಕಂಪ್ಯೂಟರ್.

ಕೇಳಲು ಸರಳ. ವೈಫೈನಲ್ಲಿ ಮಾತ್ರ ಒಂದು ತೊಡಕು. ತಂತಿಯ ಎತರ್ನೆಟ್ಟಿನಲ್ಲಿ ಒಂದೇ ತಂತಿಯಿಂದ ಹಲವು ಮ್ಯಾಕ್ ವಿಳಾಸಗಳು ಬಂದರೂ ತಂತಿಗಳನ್ನು ಕೂಡಿಸುವ ಸ್ವಿಚ್ ಒಪ್ಪಿಕೊಳ್ಳುತ್ತದೆ. ವೈಫೈ ಹಾಗಲ್ಲ. ಪಾಸ್‌ವರ್ಡ್ ಕೊಟ್ಟು ಸೇರಿಕೊಂಡದ್ದು ಲ್ಯಾಪ್‌ಟಾಪಿನ ಮ್ಯಾಕ್. ಅದರ ಹಿಂದಿನಿಂದ 08:00:27 ಅಂತ ಇನ್ನೊಬ್ಬ ಮಾತಾಡಿದರೆ ರೂಟರ್ 'ನೀನು ಯಾರು?' ಅಂತ ಎಸೆದುಬಿಡುತ್ತದೆ. ಅದಕ್ಕೆ ವರ್ಚುವಲ್‌ಬಾಕ್ಸ್ ಹೊರಗೆ ಹೋಗುವ ಪ್ಯಾಕೆಟ್ ಮೇಲೆ ಲ್ಯಾಪ್‌ಟಾಪಿನ ಮ್ಯಾಕ್ ಬರೆದು ಕಳಿಸುತ್ತದೆ. ಉತ್ತರ ಬಂದಾಗ ಐಪಿ ನೋಡಿ ಯಾರಿಗೆ ಸೇರಬೇಕೋ ಅವರಿಗೆ ಕೊಡುತ್ತದೆ. ಸಾಮಾನ್ಯವಾಗಿ ಇದು ನಡೆಯುತ್ತದೆ. ಪುಟ್ಟಿಯ ಮನೆಯಲ್ಲಿ ನಡೆಯಿತು, ಕಾಲೇಜಿನ ವೈಫೈನಲ್ಲಿ ನಡೆಯಲಿಲ್ಲ. ಒಬ್ಬ ವಿದ್ಯಾರ್ಥಿಗೆ ಒಂದೇ ವಿಳಾಸ ಅಂತ ಕಟ್ಟುನಿಟ್ಟು ಮಾಡಿರುವ ಕಡೆ ಬ್ರಿಜ್ಡ್ ನಂಬಿಕೊಂಡು ಕೂರಬಾರದು. ಇನ್ನೊಂದು ಮಾತು. ಪಾಸ್‌ವರ್ಡ್ ಸಡಿಲ ಇಟ್ಟ ಅಭ್ಯಾಸದ ಸರ್ವರನ್ನು ಬ್ರಿಜ್ಡ್ ಮಾಡಿದರೆ ಅದು ಆ ನೆಟ್‌ವರ್ಕಿನ ಎಲ್ಲರ ಮುಂದೆ ನಿಂತ ಹಾಗೆ.

ನನಗೆ ಜಾಸ್ತಿ ಇಷ್ಟವಾಗುವುದು ಮೂರನೆಯ ಬಗೆ, ಹೋಸ್ಟ್-ಓನ್ಲಿ. ಮನೆಯೊಳಗೆ ನಡುಮನೆಗೂ ಅಡುಗೆಮನೆಗೂ ನಡುವೆ ಒಂದು ಬಾಗಿಲು ಇದ್ದ ಹಾಗೆ. ಬೀದಿಯವರಿಗೆ ಅದು ಕಾಣುವುದಿಲ್ಲ. ವರ್ಚುವಲ್‌ಬಾಕ್ಸ್ ವಿಂಡೋಸಿನಲ್ಲೂ ಒಂದು ಸುಳ್ಳು ಕಾರ್ಡ್ ಹುಟ್ಟಿಸಿ ಅದಕ್ಕೆ 192.168.56.1 ಅಂತ ವಿಳಾಸ ಕೊಡುತ್ತದೆ. ಉಬುಂಟುವಿಗೆ 192.168.56.101 ಅಥವಾ ಅದರ ಮುಂದಿನ ಯಾವುದೋ ಸಿಗುತ್ತದೆ. ಈಗ ಇಬ್ಬರಿಗೂ ಒಬ್ಬರ ನಂಬರ್ ಒಬ್ಬರಿಗೆ ಗೊತ್ತು. ಪ್ರತಿ ಪೋರ್ಟಿಗೂ ಬೇರೆ ಸಾಲು ಬರೆಯುವ ಕೆಲಸವಿಲ್ಲ. ವೈಫೈ ಬದಲಾದರೂ, ಬಸ್ಸಿನಲ್ಲಿ ಇಂಟರ್ನೆಟ್ಟೇ ಇಲ್ಲದಿದ್ದರೂ ಈ ಬಾಗಿಲು ತೆರೆದೇ ಇರುತ್ತದೆ. ಆದರೆ ಇದೊಂದರಿಂದಲೇ ಉಬುಂಟುವಿಗೆ ಇಂಟರ್ನೆಟ್ ಬರುವುದಿಲ್ಲ. ಹಾಗಾಗಿ ಎರಡು ಕಾರ್ಡ್ ಹಾಕಿ. ಮೊದಲನೆಯದು ನ್ಯಾಟ್, ಹೊರಗೆ ಹೋಗಲು. ಎರಡನೆಯದು ಹೋಸ್ಟ್-ಓನ್ಲಿ, ಮನೆಯವರ ಜೊತೆ ಮಾತಿಗೆ. ಎಷ್ಟೋ ವರ್ಷದಿಂದ ನಾನು ಹೀಗೇ ಇಟ್ಟುಕೊಂಡಿದ್ದೇನೆ.

ಉಬುಂಟು ಸರ್ವರಿನಲ್ಲಿ ಎರಡು ಕಡೆ ಎಡವಬಹುದು. ಇನ್‌ಸ್ಟಾಲ್ ಮಾಡುವಾಗ ಇದ್ದ ಕಾರ್ಡಿಗೆ ಮಾತ್ರ ಅದು ಸೆಟ್ಟಿಂಗ್ ಬರೆದುಕೊಂಡಿರುತ್ತದೆ. ಆಮೇಲೆ ಸೇರಿಸಿದ ಎರಡನೇ ಕಾರ್ಡ್ ಕಾಣುತ್ತದೆ, ವಿಳಾಸ ಮಾತ್ರ ಇಲ್ಲದೆ ಸುಮ್ನೆ ಕೂತಿರುತ್ತದೆ. ನೆಟ್‌ವರ್ಕ್ ಸೆಟ್ಟಿಂಗ್ ಇರುವ ನೆಟ್‌ಪ್ಲಾನ್ ಫೈಲಿನಲ್ಲಿ ಅದರ ಹೆಸರು ಸೇರಿಸಿ, ವಿಳಾಸ ಹಂಚುವ ಡಿಎಚ್‌ಸಿಪಿಯಿಂದ ವಿಳಾಸ ಕೇಳು ಅಂತ ಹೇಳಬೇಕು. ಆ ಫೈಲಿನಲ್ಲಿ ಟ್ಯಾಬ್ ಕೀ ಒತ್ತಬೇಡಿ, ಸ್ಪೇಸಿನಿಂದಲೇ ಜಾಗ ಬಿಡಿ. ಎರಡನೆಯದು, ವಿಳಾಸವನ್ನು ನೀವೇ ಕೈಯಿಂದ ಕೊಡುವುದಾದರೆ ಈ ಕಾರ್ಡಿಗೆ ಗೇಟ್‌ವೇ, ಅಂದರೆ ಹೊರಗೆ ಹೋಗುವ ದಾರಿಯ ವಿಳಾಸ, ಹಾಕಬೇಡಿ. ಹಾಕಿದರೆ ಹೊರಗೆ ಹೋಗುವ ಪ್ಯಾಕೆಟ್‌ಗಳು ಅಡುಗೆಮನೆ ಬಾಗಿಲಿಗೆ ಬಂದು ನಿಂತು, ಇದ್ದ ಇಂಟರ್ನೆಟ್ಟೂ ಹೋಗಬಹುದು.

ಪುಟ್ಟಿ ಇಷ್ಟನ್ನೂ ಮಾಡಿ, ಪಿಂಗ್ ಹೊಡೆದು ನೋಡಿದಳು. ಜಲಾಂತರ್ಗಾಮಿಯ ಸೋನಾರ್ ಸದ್ದಿನ ಹೆಸರನ್ನೇ ಇಟ್ಟು 1983ರಲ್ಲಿ ಮೈಕ್ ಮ್ಯೂಸ್ ಬರೆದ ಪುಟ್ಟ ಪ್ರೋಗ್ರಾಂ ಅದು. 'ಇದ್ದೀಯಾ?' ಅಂತ ಕೂಗುವುದು, 'ಇದ್ದೀನಿ' ಅಂತ ಪ್ರತಿಧ್ವನಿ ಬಂತಾ ನೋಡುವುದು. ವಿಂಡೋಸಿನಿಂದ ಉಬುಂಟುವಿಗೆ ನಾಲ್ಕು ಸಲ ಕೂಗು ಹೋಯಿತು, ನಾಲ್ಕಕ್ಕೂ ಉತ್ತರ ಬಂತು. ಉಬುಂಟುವಿನಿಂದ ವಿಂಡೋಸಿಗೆ ಕೂಗಿದರೆ ಒಂದೂ ಇಲ್ಲ.

"ಹೋಗೋ ದಾರಿ ಸರಿ ಇದೆ, ಬರೋ ದಾರಿ ಕೆಟ್ಟಿದ್ಯಾ ಮಾವ?"

ಬರುವ ದಾರಿ ಕೆಟ್ಟಿದ್ದರೆ ಆ ನಾಲ್ಕು ಉತ್ತರಗಳು ಹೇಗೆ ಬಂದವು? ದಾರಿ ಎರಡು ಕಡೆಗೂ ಸರಿಯಾಗಿತ್ತು. ವಿಂಡೋಸಿನ ಕಾವಲುಗಾರ ಫೈರ್‌ವಾಲ್ ತಾನು ಕೇಳಿದ್ದಕ್ಕೆ ಬಂದ ಉತ್ತರವನ್ನು ಒಳಗೆ ಬಿಡುತ್ತದೆ. ಹೊರಗಿನವರು ತಾವಾಗಿ ಕೂಗಿದರೆ ಮಾತಾಡುವುದಿಲ್ಲ. ಅದರಲ್ಲೂ ಈ ಹೋಸ್ಟ್-ಓನ್ಲಿ ನೆಟ್‌ವರ್ಕಿಗೆ ಗೇಟ್‌ವೇ ಇಲ್ಲದ ಕಾರಣ ವಿಂಡೋಸಿಗೆ ಅದರ ಗುರುತು ಸಿಗುವುದಿಲ್ಲ. ಗುರುತಿಲ್ಲದ ನೆಟ್‌ವರ್ಕನ್ನು ಅದು 'ಪಬ್ಲಿಕ್' ಅಂತ, ಅಂದರೆ ಬಸ್ ಸ್ಟ್ಯಾಂಡಿನ ವೈಫೈ ಥರ, ಅನುಮಾನದಿಂದಲೇ ನೋಡುತ್ತದೆ. ಹಾಗಂತ ಫೈರ್‌ವಾಲನ್ನೇ ಪೂರ್ತಿ ಆರಿಸುವುದು ಬೇಡ. ಪಿಂಗಿಗೆ ಉತ್ತರ ಕೊಡಲು ಮಾತ್ರ ಒಂದು ನಿಯಮ ಅದರಲ್ಲೇ ಇರುತ್ತದೆ, ಅದನ್ನು ಆನ್ ಮಾಡಿದರೆ ಸಾಕು.

ಅವಳು ತಕ್ಷಣ ಆನ್ ಮಾಡಲಿಲ್ಲ. ವಿಂಡೋಸಿನಲ್ಲಿ ಬಂದುಹೋಗುವ ಪ್ಯಾಕೆಟ್‌ಗಳನ್ನು ತೋರಿಸುವ ವೈರ್‌ಶಾರ್ಕ್ ತೆರೆದು, ಆ ಸುಳ್ಳು ಕಾರ್ಡಿನ ಮೇಲೆ ಕಣ್ಣಿಟ್ಟು ಕೂತಳು. ಉಬುಂಟುವಿನ ಕೂಗು ಸೆಕೆಂಡಿಗೊಂದರಂತೆ ಬಂದು ಸಾಲಾಗಿ ಬೀಳುತ್ತಿತ್ತು. ಉತ್ತರದ ಸಾಲು ಒಂದೂ ಇರಲಿಲ್ಲ. "ಕೇಳಿಸ್ತಿದೆ ಮಾವ ಇದಕ್ಕೆ, ಪ್ರತಿಯೊಂದೂ ಕೇಳಿಸ್ತಿದೆ" ಅಂದಳು. ಆಮೇಲೆ ನಿಯಮ ಆನ್ ಮಾಡಿದಳು. ಮುಂದಿನ ಸೆಕೆಂಡಿನಿಂದ ಸಾಲುಗಳು ಜೋಡಿಯಾಗಿ ಬೀಳತೊಡಗಿದವು.